ರ‍್ಯಾಮ್ ಹಾಕಿಸುವ ಮೊದಲು ಡಿಸ್ಕಿನ ಅಂಕಿ ನೋಡಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಓದುಗರ ಅಂಕಣದಲ್ಲಿ ಕಳೆದ ವಾರ ನಿವೃತ್ತ ಶಿಕ್ಷಕರೊಬ್ಬರ ಪತ್ರ ಪ್ರಕಟವಾಗಿತ್ತು. ಉಳಿತಾಯದ ಹಣ ಹಾಕಿ ಕೊಂಡ ಹೊಸ ಕಂಪ್ಯೂಟರಿನಲ್ಲಿ ಉಳಿದೆಲ್ಲ ಕೆಲಸ ಸರಾಗವಾಗಿ ನಡೆಯುತ್ತಿದ್ದರೂ ಇಮೇಲ್ ತಂತ್ರಾಂಶ ಮಾತ್ರ ಒಂದೊಂದು ಪತ್ರ ತೆರೆಯುವುದಕ್ಕೂ ಅರ್ಧ ನಿಮಿಷ ಹಿಡಿಯುತ್ತದೆ, ಹಳೆಯ ಕಂಪ್ಯೂಟರೇ ಇದಕ್ಕಿಂತ ಚುರುಕಾಗಿತ್ತು, ಒಟ್ಟಿನಲ್ಲಿ ಈಗ ಮಾರಾಟವಾಗುತ್ತಿರುವ ಯಂತ್ರಗಳೇ ಕಳಪೆ ಎಂದು ಅವರು ನೊಂದು ಬರೆದಿದ್ದರು. ಅವರು ಹೇಳಿದ ತೊಂದರೆಯನ್ನು ನಾನೂ ಹಾಗೆಯೇ ಅನುಭವಿಸಿದ್ದೇನೆ. ಅವರ ತೀರ್ಮಾನವನ್ನು ಮಾತ್ರ ಒಪ್ಪಲಾರೆ. ಹೊಸ ಕಂಪ್ಯೂಟರಿನಲ್ಲಿ ಮೇಲ್ ತೆವಳುವುದಕ್ಕೆ ಕಾರಣ ಬಹುಮಟ್ಟಿಗೆ ನಾವು ಹಳೆಯದರಿಂದ ಹೊತ್ತು ತಂದ ಪತ್ರಗಳ ರಾಶಿ ಮತ್ತು ಆ ರಾಶಿಯನ್ನು ತಂದಿಳಿಸಿದ ರೀತಿ. ಇದನ್ನು ಅರ್ಧ ಗಂಟೆಯಲ್ಲಿ ಮನೆಯಲ್ಲೇ ಪರೀಕ್ಷಿಸಿಕೊಳ್ಳಬಹುದು, ಅದೂ ಒಂದು ರೂಪಾಯಿ ಖರ್ಚಿಲ್ಲದೆ. ಪರೀಕ್ಷೆಗೆ ಮುನ್ನವೇ ಅಂಗಡಿಯವರ ಮಾತಿಗೆ ಒಪ್ಪಿ ಹಣ ಸುರಿಯಬಾರದೆಂದು ಹೇಳಲು ಈ ಪತ್ರ. ಸ್ವಲ್ಪ ದೀರ್ಘವಾಗಿದೆ, ಮನ್ನಿಸಬೇಕು.

ನಾನು ಶಿರಸಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಅಡಿಕೆ ವ್ಯಾಪಾರಿಗಳಿಗೂ ಸಣ್ಣಪುಟ್ಟ ಅಂಗಡಿಯವರಿಗೂ ಲೆಕ್ಕಪತ್ರ ಬರೆದುಕೊಟ್ಟು ತೆರಿಗೆ ವಿವರ ಸಲ್ಲಿಸುವ ಕೆಲಸ ಮಾಡಿಕೊಂಡಿದ್ದೇನೆ. ಮೊಬೈಲಿನಲ್ಲೇ ಮೇಲ್ ನೋಡಬಹುದಲ್ಲ, ಬ್ರೌಸರಿನಲ್ಲಿ ತೆರೆಯಬಹುದಲ್ಲ ಎಂದು ಕಿರಿಯರು ಕೇಳುತ್ತಾರೆ. ಕೇಳುವವರಿಗೆ ನಮ್ಮ ಕಸುಬಿನ ಅಗತ್ಯ ಗೊತ್ತಿರುವುದಿಲ್ಲ. ಆರು ವರ್ಷದ ಹಿಂದೆ ಯಾವ ವ್ಯಾಪಾರಿ ಯಾವ ಬಿಲ್ಲನ್ನು ಕಳುಹಿಸಿದ್ದ ಎಂಬುದು ಇಂದು ನೋಟಿಸು ಬಂದಾಗ ಬೇಕಾಗುತ್ತದೆ. ಇಂಟರ್‌ನೆಟ್ ಇಲ್ಲದ ದಿನವೂ ಬೇಕಾಗುತ್ತದೆ. ಹಾಗಾಗಿ ಪತ್ರಗಳೆಲ್ಲ ನನ್ನ ಮೇಜಿನ ಮೇಲಿನ ಯಂತ್ರದಲ್ಲೇ ಇರಬೇಕೆಂದು ಬಹಳ ವರ್ಷಗಳಿಂದ ಥಂಡರ್‌ಬರ್ಡ್ ಎಂಬ ಇಮೇಲ್ ತಂತ್ರಾಂಶವನ್ನು ಬಳಸುತ್ತಿದ್ದೇನೆ. ನನ್ನಂಥ ಲೆಕ್ಕದವರು, ವಕೀಲರು, ಸಹಕಾರಿ ಸಂಘಗಳ ಕಾರ್ಯದರ್ಶಿಗಳು, ಮುದ್ರಣಾಲಯದವರು ಇನ್ನೂ ಹೀಗೆಯೇ ಕೆಲಸ ಮಾಡುತ್ತಿದ್ದಾರೆ.

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನನ್ನ ಹಳೆಯ ಕಂಪ್ಯೂಟರಿನಲ್ಲಿ ವಿಂಡೋಸ್ 11 ಕೇಳುವ ಟಿಪಿಎಂ 2.0 ಭದ್ರತಾ ಚಿಪ್ ಇರಲಿಲ್ಲ, ಪ್ರೊಸೆಸರ್ ಕೂಡ ಅದರ ಪಟ್ಟಿಗಿಂತ ಹಳೆಯದು. ಹೀಗಾಗಿ ಅನೇಕರಂತೆ ನಾನೂ ಹೊಸದನ್ನು ಕೊಂಡೆ. ಅಂಗಡಿಯ ಹುಡುಗ ಹಳೆಯದರಿಂದ ಮೇಲ್‌ಗಳನ್ನೆಲ್ಲ ನಕಲು ಮಾಡಿಕೊಟ್ಟು, ಎಲ್ಲ ಪತ್ರಗಳೂ ಬಂದಿವೆಯೆಂದು ತೋರಿಸಿ ಹೋದ. ಮರುದಿನ ಕೆಲಸಕ್ಕೆ ಕೂತಾಗ ನಿಜ ಸಂಗತಿ ಗೊತ್ತಾಯಿತು. ಪತ್ರದ ಮೇಲೆ ಕ್ಲಿಕ್ ಮಾಡಿ ಹತ್ತು ಹದಿನೈದು ಸೆಕೆಂಡು ಕಾಯಬೇಕು. ಉತ್ತರ ಬರೆಯುತ್ತಿದ್ದರೆ ನಾನು ಒತ್ತಿದ ಅಕ್ಷರ ಪರದೆಯ ಮೇಲೆ ಮೂಡುವಷ್ಟರಲ್ಲಿ ಮುಂದಿನ ಪದವೇ ಮರೆತುಹೋಗುತ್ತಿತ್ತು. ನಡುನಡುವೆ ಕಿಟಕಿ ಪೂರ್ತಿ ಬೆಳ್ಳಗಾಗಿ ‘ನಾಟ್ ರೆಸ್ಪಾಂಡಿಂಗ್’ ಎಂದು ನಿಂತುಬಿಡುತ್ತಿತ್ತು. ಜಿಎಸ್‌ಟಿ 3ಬಿ ವಿವರ ಸಲ್ಲಿಸಲು ತಿಂಗಳ 20ನೇ ತಾರೀಖು ಕೊನೆ. ಅದರ ಹಿಂದಿನ ಎರಡು ದಿನ ನಾನು ಪಟ್ಟ ಪಾಡನ್ನು ಹೇಳಿ ಪ್ರಯೋಜನವಿಲ್ಲ.

ಅಂಗಡಿಗೆ ಫೋನ್ ಮಾಡಿದರೆ 8 ಜಿಬಿ ರ‍್ಯಾಮ್ ಸಾಲದು, 16 ಮಾಡಿಸಿ ಎಂದರು. ಬಿಲ್ಲಿನ ಮೇಲೆ ಬರೆಯುವಾಗ 8 ಜಿಬಿ ಧಾರಾಳ ಎಂದಿದ್ದವರೂ ಅವರೇ. ಹಾಗಿದ್ದರೆ ನಾಲ್ಕು ವರ್ಷ ಅಷ್ಟೇ ರ‍್ಯಾಮಿನಲ್ಲಿ ಹಳೆಯ ಯಂತ್ರ ಹೇಗೆ ನಡೆಯಿತು ಎಂದು ಕೇಳಿದ್ದಕ್ಕೆ, ಬೇಡವಾದರೆ ಫಾರ್ಮ್ಯಾಟ್ ಮಾಡಿಸಿ, ಸರಿಹೋಗುತ್ತದೆ ಎಂಬ ಎರಡನೆಯ ಮದ್ದು ಬಂತು. ನಮ್ಮ ಊರುಗಳಲ್ಲಿ ಕಂಪ್ಯೂಟರಿನ ಯಾವ ಕಾಯಿಲೆಗೂ ಈ ಎರಡೇ ಕಷಾಯ. ನಾಡಿ ಹಿಡಿದು ನೋಡುವ ಪದ್ಧತಿಯೇ ಇಲ್ಲ.

ನಾಡಿ ನೋಡುವುದು ಹೇಗೆಂದು ಹೇಳಿಕೊಟ್ಟವನು ಬೆಂಗಳೂರಿನಲ್ಲಿರುವ ನನ್ನ ಸೋದರಳಿಯ. ಅವನು ಫೋನಿನಲ್ಲಿ ಮೊದಲು ಮಾಡಿಸಿದ ಪರೀಕ್ಷೆ ಬಹಳ ಸರಳವಾದದ್ದು, ಆದರೆ ನನಗೆ ಹೊಳೆದಿರಲಿಲ್ಲ. ‘ಮಾವ, ಇಂಟರ್‌ನೆಟ್ ಕೇಬಲ್ ಕಿತ್ತು, ಮೇಲ್ ತೆರೆದು ನೋಡಿ’ ಎಂದ. ಕಿತ್ತೆ. ನಿಧಾನ ಹಾಗೆಯೇ ಇತ್ತು. ಈಗಾಗಲೇ ಇಳಿದು ಕೂತಿರುವ ಪತ್ರವನ್ನು ತೆರೆಯಲು ಇಂಟರ್‌ನೆಟ್ ಬೇಕಿಲ್ಲ. ಕೇಬಲ್ ಕಿತ್ತ ಮೇಲೂ ತಡವಾದರೆ ದೋಷ ಯಂತ್ರದೊಳಗೇ ಇದೆ, ಬ್ರಾಡ್‌ಬ್ಯಾಂಡಿನವರನ್ನು ಬೈದು ಫಲವಿಲ್ಲ. ಕಿತ್ತ ಕೂಡಲೇ ಚುರುಕಾದರೆ ಮಾತ್ರ ಸರ್ವರ್, ಸಂಪರ್ಕ, ಖಾತೆಯ ಸೆಟ್ಟಿಂಗ್ ಇವುಗಳ ಕಡೆ ನೋಡಬೇಕು. ಕೇಬಲ್ ಕೀಳಲು ಆಗದವರು ಥಂಡರ್‌ಬರ್ಡಿನ ಫೈಲ್ ಮೆನುವಿನಲ್ಲಿ ‘ವರ್ಕ್ ಆಫ್‌ಲೈನ್’ ಆರಿಸಿಕೊಂಡರೂ ಸಾಕು. ನನ್ನ ಅನುಭವದಲ್ಲಿ ಅರ್ಧ ಜಗಳಗಳು ಈ ಒಂದೇ ಪರೀಕ್ಷೆಯಿಂದ ಇತ್ಯರ್ಥವಾಗುತ್ತವೆ.

ಎರಡನೆಯದು ಟಾಸ್ಕ್ ಮ್ಯಾನೇಜರ್. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ತೆರೆದುಕೊಳ್ಳುವ ಈ ಪುಟದಲ್ಲಿ ಪ್ರೊಸೆಸರ್, ಮೆಮೊರಿ (ಅಂದರೆ ರ‍್ಯಾಮ್), ಡಿಸ್ಕ್, ನೆಟ್‌ವರ್ಕ್ ಎಂದು ಬೇರೆಬೇರೆ ಅಂಕಣಗಳಿದ್ದು, ಯಾವುದು ಎಷ್ಟು ದುಡಿಯುತ್ತಿದೆ ಎಂಬುದನ್ನು ಶೇಕಡಾವಾರು ತೋರಿಸುತ್ತವೆ. ಮೇಲ್ ಕಿಟಕಿ ಬೆಳ್ಳಗಾಗಿ ನಿಂತ ಆ ಹೊತ್ತಿನಲ್ಲೇ ನೋಡಬೇಕು, ಆಮೇಲೆ ನೋಡಿದರೆ ಏನೂ ಸಿಗುವುದಿಲ್ಲ. ನಾನು ನೋಡಿದಾಗ ಪ್ರೊಸೆಸರ್ ಶೇ 6, ಮೆಮೊರಿ ಶೇ 55, ಡಿಸ್ಕ್ ಮಾತ್ರ ಶೇ 100. ಅರ್ಧದಷ್ಟು ರ‍್ಯಾಮ್ ಖಾಲಿ ಕೂತಿದೆ! ಇನ್ನೂ 8 ಜಿಬಿ ತಂದು ಸೇರಿಸಿದ್ದರೆ ಖಾಲಿ ಕೂರುವ ರ‍್ಯಾಮ್ ಇನ್ನಷ್ಟು ಹೆಚ್ಚುತ್ತಿತ್ತು, ಅಷ್ಟೇ. ರ‍್ಯಾಮ್ ಹಾಕಿಸುವುದೇ ತಪ್ಪೆಂದು ನನ್ನ ವಾದವಲ್ಲ. ಮೆಮೊರಿಯ ಅಂಕಿ ಶೇ 90 ದಾಟಿ ನಿಂತಿದ್ದರೆ ಖಂಡಿತ ಹಾಕಿಸಬೇಕು. ಅಂಕಿ ನೋಡದೆ ಹಾಕಿಸಬಾರದು.

ಅದೇ ಟಾಸ್ಕ್ ಮ್ಯಾನೇಜರಿನ ‘ಪರ್ಫಾರ್ಮೆನ್ಸ್’ ಪುಟದಲ್ಲಿ ಒಂದೊಂದು ಡಿಸ್ಕಿನ ಹೆಸರಿನ ಕೆಳಗೂ ಅದು ಎಸ್‌ಎಸ್‌ಡಿಯೋ (ಚಿಪ್‌ಗಳಲ್ಲಿ ಮಾಹಿತಿ ಇಡುವ ವೇಗದ ಡಿಸ್ಕ್) ಎಚ್‌ಡಿಡಿಯೋ (ತಿರುಗುವ ಹಾರ್ಡ್ ಡಿಸ್ಕ್) ಎಂದು ಬರೆದಿರುತ್ತದೆ. ನನ್ನ ಹೊಸ ಯಂತ್ರದಲ್ಲಿ ಎರಡೂ ಇದ್ದವು: ವಿಂಡೋಸ್ ಇರುವ ಸಿ ಡ್ರೈವ್ 256 ಜಿಬಿಯ ಎಸ್‌ಎಸ್‌ಡಿ, ಡಿ ಡ್ರೈವ್ 1 ಟಿಬಿಯ ತಿರುಗುವ ಹಾರ್ಡ್ ಡಿಸ್ಕ್. ಶೇ 100 ತೋರಿಸುತ್ತಿದ್ದದ್ದು ಎರಡನೆಯದು. ಅಂಗಡಿಯ ಹುಡುಗ ಒಳ್ಳೆಯ ಉದ್ದೇಶದಿಂದಲೇ, ಸಿ ಡ್ರೈವ್ ತುಂಬಿಹೋಗದಿರಲೆಂದು, ನನ್ನ ಮೇಲ್ ರಾಶಿಯನ್ನೆಲ್ಲ ಡಿ ಡ್ರೈವಿಗೆ ಇಳಿಸಿದ್ದ. ಹಳೆಯ ಯಂತ್ರಕ್ಕೆ ನಾಲ್ಕು ವರ್ಷದ ಹಿಂದೆ ನಾನೇ ಎಸ್‌ಎಸ್‌ಡಿ ಹಾಕಿಸಿದ್ದೆ. ಅಂದರೆ ಹಳೆಯದು ಚುರುಕಾಗಿತ್ತು ಎಂಬ ನನ್ನ ಗೊಣಗಾಟ ಭ್ರಮೆಯಾಗಿರಲಿಲ್ಲ. ಮೇಲ್‌ನ ಮಟ್ಟಿಗೆ ನಾನು ಮುಂದಕ್ಕೆ ಹೋಗುವ ಬದಲು ಹಿಂದಕ್ಕೆ ಬಂದಿದ್ದೆ.

ಇದರ ಲೆಕ್ಕ ಸುಲಭ. ನಿಮಿಷಕ್ಕೆ 7,200 ಸುತ್ತು ತಿರುಗುವ ಹಾರ್ಡ್ ಡಿಸ್ಕ್ ಸೆಕೆಂಡಿಗೆ 120 ಸುತ್ತು ಹಾಕುತ್ತದೆ, ಒಂದು ಸುತ್ತಿಗೆ ಸುಮಾರು 8.3 ಮಿಲಿಸೆಕೆಂಡು. ಬೇಕಾದ ಜಾಗ ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಮುಳ್ಳು ಅಲ್ಲಿಗೆ ಸರಿಯಲು ಇನ್ನಷ್ಟು ಹೊತ್ತು ಹಿಡಿಯುತ್ತದೆ. ಚದುರಿದ ಜಾಗಗಳಿಂದ ಸಣ್ಣಸಣ್ಣ ತುಣುಕುಗಳನ್ನು ಹೆಕ್ಕಿ ಓದುವುದಾದರೆ ಸೆಕೆಂಡಿಗೆ ನೂರರ ಆಸುಪಾಸಿನಲ್ಲೇ ಅದರ ಶಕ್ತಿ ಮುಗಿಯಿತು. ಸುತ್ತುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಅದೇ ಕೆಲಸವನ್ನು ಸೆಕೆಂಡಿಗೆ ಸಾವಿರಗಟ್ಟಲೆ ಸಲ ಮಾಡುತ್ತದೆ. ಒಂದು ಸಿನಿಮಾ ನೋಡುವಾಗ ಈ ಅಂತರ ತಿಳಿಯುವುದಿಲ್ಲ, ಏಕೆಂದರೆ ಅದು ಸಾಲಾಗಿ ಓದಿಕೊಂಡು ಹೋಗುವ ಒಂದೇ ಕಡತ. ಮೇಲ್ ತಂತ್ರಾಂಶದ ಕೆಲಸವೆಲ್ಲ ಹೆಕ್ಕುವುದೇ. ಥಂಡರ್‌ಬರ್ಡನ್ನು ಪೂರ್ತಿ ಮುಚ್ಚಿ, ಪತ್ರಗಳೂ ಸೆಟ್ಟಿಂಗ್‌ಗಳೂ ಇರುವ ಅದರ ಪ್ರೊಫೈಲ್ ಫೋಲ್ಡರನ್ನು ಇಡಿಯಾಗಿ ಸಿ ಡ್ರೈವಿಗೆ ನಕಲು ಮಾಡಿ, ಪ್ರೊಫೈಲ್ ಮ್ಯಾನೇಜರಿಗೆ ಹೊಸ ಜಾಗವನ್ನು ತೋರಿಸಿಕೊಟ್ಟ ಮೇಲೆ ಪತ್ರಗಳು ಕ್ಲಿಕ್ ಮಾಡಿದ ಕೂಡಲೇ ತೆರೆದುಕೊಂಡವು. ಆ ಫೋಲ್ಡರ್ ಎಲ್ಲಿದೆ ಎಂದು ತಿಳಿಯದವರಿಗೆ ಹೆಲ್ಪ್ ಮೆನುವಿನ ‘ಟ್ರಬಲ್‌ಶೂಟಿಂಗ್ ಇನ್ಫರ್ಮೇಷನ್’ ಪುಟ ದಾರಿ ತೋರಿಸುತ್ತದೆ.

ಇಲ್ಲಿಗೆ ಮುಗಿಯಿತೆಂದುಕೊಂಡೆ, ಮುಗಿಯಲಿಲ್ಲ. ತೆವಳಾಟ ಹೋಗಿತ್ತು, ಆದರೆ ಸುಮಾರು ಹತ್ತು ನಿಮಿಷಕ್ಕೊಮ್ಮೆ ಒಂದು ಗಕ್ಕನೆ ನಿಲ್ಲುವಿಕೆ ಉಳಿದುಕೊಂಡಿತ್ತು. ಹತ್ತು ನಿಮಿಷ ಎಂಬುದೇ ಸುಳಿವು. ಹೊಸ ಪತ್ರ ಬಂದಿದೆಯೇ ಎಂದು ಥಂಡರ್‌ಬರ್ಡ್ ತಾನಾಗಿ ಸರ್ವರನ್ನು ವಿಚಾರಿಸುವ ಅವಧಿ, ನಾವು ಬದಲಿಸದಿದ್ದರೆ, ಹತ್ತು ನಿಮಿಷ. ಟಾಸ್ಕ್ ಮ್ಯಾನೇಜರಿನಿಂದ ‘ರಿಸೋರ್ಸ್ ಮಾನಿಟರ್’ ತೆರೆದು ಅದರ ಡಿಸ್ಕ್ ಪುಟ ನೋಡಿದರೆ ಯಾವ ತಂತ್ರಾಂಶ ಯಾವ ಕಡತವನ್ನು ಓದುತ್ತಿದೆ ಎಂಬುದು ಹೆಸರು ಸಮೇತ ಕಾಣುತ್ತದೆ. ಹೊಸ ಪತ್ರ ಬಂದು ಬಿದ್ದ ಗಳಿಗೆಯಲ್ಲಿ ನನ್ನ ‘ಇನ್‌ಬಾಕ್ಸ್’ ಎಂಬ ಕಡತವನ್ನು ಓದುತ್ತಿದ್ದದ್ದು ಮೇಲ್ ತಂತ್ರಾಂಶವಾಗಿರಲಿಲ್ಲ, ಯಂತ್ರದ ಜೊತೆ ಮೂರು ತಿಂಗಳ ಉಚಿತ ಪರೀಕ್ಷೆಗೆಂದು ಬಂದಿದ್ದ ಆಂಟಿವೈರಸ್.

ಈ ಸಂಗತಿ ಅರ್ಥವಾಗಬೇಕಾದರೆ ಪತ್ರಗಳು ಡಿಸ್ಕಿನಲ್ಲಿ ಹೇಗೆ ಕೂರುತ್ತವೆ ಎಂಬುದನ್ನು ತಿಳಿಯಬೇಕು. ಥಂಡರ್‌ಬರ್ಡ್ ಸಾಮಾನ್ಯವಾಗಿ ಬಳಸುವ ಎಂಬಾಕ್ಸ್ ಎಂಬ ಪದ್ಧತಿಯಲ್ಲಿ ಒಂದು ಫೋಲ್ಡರಿನ ಪತ್ರಗಳೆಲ್ಲ ಸೇರಿ ಒಂದೇ ಕಡತ. ನಮ್ಮ ಕಸುಬಿನ ಮಾತಿನಲ್ಲಿ ಹೇಳುವುದಾದರೆ ಬಿಡಿ ಚೀಟಿಗಳ ಕಟ್ಟು ಅದಲ್ಲ, ಹೊಲಿದ ಕಿರ್ದಿ ಪುಸ್ತಕ. ಹೊಸ ಪತ್ರ ಬಂದರೆ ಪುಸ್ತಕದ ಕೊನೆಯಲ್ಲಿ ಒಂದು ಸಾಲು ಸೇರುತ್ತದೆ. ಹೊರಗಿನ ಕಾವಲುಗಾರನಿಗೆ ಪುಸ್ತಕ ಬದಲಾಗಿದೆ ಎಂದಷ್ಟೇ ಕಾಣುತ್ತದೆ. ಬದಲಾದದ್ದು ಕೊನೆಯ ಸಾಲು ಎಂದು ತಿಳಿಯದ ಆತ ಮೊದಲ ಪುಟದಿಂದ ತಪಾಸಣೆ ಶುರುಮಾಡುತ್ತಾನೆ. ನನ್ನ ಇನ್‌ಬಾಕ್ಸ್ ಕಡತದ ಗಾತ್ರ 11 ಜಿಬಿ ಇತ್ತು. ಸೆಕೆಂಡಿಗೆ 150 ಎಂಬಿಯಂತೆ ಓದಿದರೂ ಬರೀ ಓದುವುದಕ್ಕೇ ಎಪ್ಪತ್ತು ಸೆಕೆಂಡು ದಾಟುತ್ತದೆ. ಒಂದು ಸಾಲಿನ ‘ಹಣ ತಲುಪಿತು, ಧನ್ಯವಾದ’ ಎಂಬ ಪತ್ರಕ್ಕೂ ಇಷ್ಟು ಮೆರವಣಿಗೆ.

ಹಾಗೆಂದು ಆಂಟಿವೈರಸನ್ನೇ ತೆಗೆದುಹಾಕಿ ಎಂದು ನಾನು ಹೇಳುತ್ತಿಲ್ಲ, ದಯವಿಟ್ಟು ಹಾಗೆ ಓದಿಕೊಳ್ಳಬಾರದು. ಮೇಲ್ ಪ್ರೊಫೈಲ್ ಇರುವ ಫೋಲ್ಡರ್ ಒಂದನ್ನು ಮಾತ್ರ ಅದರ ಸತತ ತಪಾಸಣೆಯಿಂದ ಹೊರಗಿಡುವ ಅವಕಾಶ ಇಂಥ ತಂತ್ರಾಂಶಗಳಲ್ಲಿ ‘ಎಕ್ಸ್‌ಕ್ಲೂಷನ್’ ಅಥವಾ ‘ಎಕ್ಸೆಪ್ಷನ್’ ಎಂಬ ಹೆಸರಿನಲ್ಲಿ ಇರುತ್ತದೆ. ಪತ್ರದ ಜೊತೆ ಬಂದ ಲಗತ್ತನ್ನು ನಾವು ತೆರೆದಾಗ ಅಥವಾ ಉಳಿಸಿಕೊಂಡಾಗ ಅದು ಬೇರೆ ಕಡತವಾಗಿ ಡಿಸ್ಕಿಗೆ ಇಳಿಯುತ್ತದೆ, ಆಗ ತಪಾಸಣೆ ಎಂದಿನಂತೆ ನಡೆದೇ ನಡೆಯುತ್ತದೆ. ಹೊರಗಿಡುವುದಕ್ಕೆ ವೇಗಕ್ಕಿಂತ ದೊಡ್ಡ ಕಾರಣವೂ ಒಂದಿದೆ. ಹನ್ನೆರಡು ವರ್ಷದ ಪತ್ರಗಳ ನಡುವೆ ಎಲ್ಲೋ ಒಂದು ಕೆಟ್ಟ ಲಗತ್ತು ಸಿಕ್ಕಿದರೆ ಕೆಲವು ಆಂಟಿವೈರಸ್‌ಗಳು ಆ ಪತ್ರವನ್ನು ಬೇರ್ಪಡಿಸಲಾಗದೆ ಇಡೀ ಇನ್‌ಬಾಕ್ಸ್ ಕಡತವನ್ನೇ ಎತ್ತಿ ಬಂಧನದಲ್ಲಿಡುತ್ತವೆ. ಬೆಳಿಗ್ಗೆ ಎದ್ದು ನೋಡಿದರೆ ಇನ್‌ಬಾಕ್ಸ್ ಖಾಲಿ. ಪರಿಚಯದ ವಕೀಲರೊಬ್ಬರಿಗೆ ಹೀಗಾಗಿ, ಬಂಧನದಿಂದ ಬಿಡಿಸಿ ತರುವಷ್ಟರಲ್ಲಿ ಅವರ ಎರಡು ದಿನ ಹೋಗಿತ್ತು. ಪರೀಕ್ಷಾವಧಿಯ ಆಂಟಿವೈರಸನ್ನು ನಾನು ಕೊನೆಗೆ ತೆಗೆದುಹಾಕಿ, ವಿಂಡೋಸಿನಲ್ಲೇ ಇರುವ ಡಿಫೆಂಡರನ್ನು ಉಳಿಸಿಕೊಂಡು, ಅದರಲ್ಲೂ ಆ ಫೋಲ್ಡರನ್ನು ಹೊರಗಿಟ್ಟೆ.

ಇನ್ನು 11 ಜಿಬಿಯ ವಿಷಯ. ಇದರಲ್ಲಿ ತಪ್ಪು ಯಾರದೂ ಅಲ್ಲ, ನನ್ನದೇ. ಇನ್‌ಬಾಕ್ಸಿನಲ್ಲಿ ಕಾಣುತ್ತಿದ್ದ ಪತ್ರಗಳು ನಾಲ್ಕು ಸಾವಿರ ಚಿಲ್ಲರೆ. ಬೇಡವಾದದ್ದನ್ನು ಅಳಿಸುವುದರಲ್ಲಿ ನಾನು ಶಿಸ್ತಿನ ಮನುಷ್ಯ ಎಂಬ ಹೆಮ್ಮೆ ಬೇರೆ ಇತ್ತು. ಆದರೆ ಹೊಲಿದ ಪುಸ್ತಕದಲ್ಲಿ ಅಳಿಸುವುದೆಂದರೆ ಸಾಲಿನ ಮೇಲೆ ಗೀಟು ಎಳೆಯುವುದು. ಗೀಟು ಎಳೆದರೆ ಪುಟ ತೆಳ್ಳಗಾಗುವುದಿಲ್ಲ. ಅಳಿಸಿದ ಪತ್ರಗಳೂ ಬೇರೆ ಫೋಲ್ಡರಿಗೆ ಸಾಗಿಸಿದ ಪತ್ರಗಳೂ ಕಣ್ಣಿಗೆ ಕಾಣದಿದ್ದರೂ ಕಡತದೊಳಗೆ ಹಾಗೆಯೇ ಉಳಿದಿರುತ್ತವೆ, ‘ಕಾಂಪ್ಯಾಕ್ಟ್’ ಎಂಬ ಆಜ್ಞೆ ಕೊಡುವವರೆಗೆ. ಗೀಟು ಬೀಳದ ಸಾಲುಗಳನ್ನಷ್ಟೇ ಹೊಸ ಪುಸ್ತಕಕ್ಕೆ ಇಳಿಸಿಕೊಂಡು ಹಳೆಯದನ್ನು ಎಸೆಯುವುದೇ ಕಾಂಪ್ಯಾಕ್ಟ್. ಜಾಗ ಉಳಿಸಲು ಹೀಗೆ ಮಾಡಲೇ ಎಂದು ಥಂಡರ್‌ಬರ್ಡ್ ವರ್ಷಗಳಿಂದ ನನ್ನನ್ನು ಕೇಳುತ್ತಲೇ ಇತ್ತು. ಏನಾದರೂ ಕಳೆದುಹೋದೀತೆಂಬ ಭಯದಿಂದ ನಾನು ಬೇಡ ಎನ್ನುತ್ತಲೇ ಬಂದಿದ್ದೆ. ಭಯ ಪೂರ್ತಿ ಅನಗತ್ಯವಲ್ಲ: ಮೊದಲು ಪ್ರೊಫೈಲ್ ಫೋಲ್ಡರಿನ ಒಂದು ನಕಲನ್ನು ಹೊರಗಿನ ಡಿಸ್ಕಿಗೆ ತೆಗೆದಿಡಬೇಕು, ಡ್ರೈವಿನಲ್ಲಿ ಸಾಕಷ್ಟು ಖಾಲಿ ಜಾಗವಿರಬೇಕು, ಕೆಲಸ ನಡೆಯುವಾಗ ಕರೆಂಟು ಹೋಗಬಾರದು. ಒಂದು ಭಾನುವಾರ ಇದನ್ನೆಲ್ಲ ಸಿದ್ಧಮಾಡಿಕೊಂಡು ಕಾಂಪ್ಯಾಕ್ಟ್ ಮಾಡಿದೆ. 11 ಜಿಬಿ ಇದ್ದ ಕಡತ 3 ಜಿಬಿಗೆ ಇಳಿಯಿತು. ಉಳಿದ 8 ಜಿಬಿ ಕಸವನ್ನು ನಾನು ಹಳೆಯ ಯಂತ್ರದಿಂದ ಹೊಸದಕ್ಕೆ ಜೋಪಾನವಾಗಿ ಸಾಗಿಸಿದ್ದೆ. ಕಾಂಪ್ಯಾಕ್ಟ್ ಮಾಡಿದ ಮೇಲೂ ಯಾವುದೋ ಒಂದೇ ಫೋಲ್ಡರ್ ತೆರೆಯಲು ತಡವಾಗುತ್ತಿದ್ದರೆ ಅದರ ಪರಿವಿಡಿ ಕಡತ ಕೆಟ್ಟಿರಬಹುದು. ಫೋಲ್ಡರಿನ ಪ್ರಾಪರ್ಟೀಸಿನಲ್ಲಿ ‘ರಿಪೇರ್ ಫೋಲ್ಡರ್’ ಒತ್ತಿದರೆ ಪರಿವಿಡಿ ಹೊಸದಾಗಿ ಸಿದ್ಧವಾಗುತ್ತದೆ.

ಹೊಸ ಯಂತ್ರದ ಮೊದಲ ಕೆಲವು ದಿನಗಳ ನಿಧಾನಕ್ಕೆ ಮದ್ದೇ ಬೇಕಿಲ್ಲ, ತಾಳ್ಮೆ ಸಾಕು ಎಂಬುದನ್ನೂ ಹೇಳಬೇಕು. ಹುಡುಕುವುದಕ್ಕೆ ಅನುಕೂಲವಾಗಲೆಂದು ತಂತ್ರಾಂಶವು ಪ್ರತಿ ಪತ್ರದ ಪ್ರತಿ ಪದವನ್ನೂ ಒಂದು ಸೂಚಿಗೆ ಸೇರಿಸಿಕೊಳ್ಳುತ್ತದೆ; ಸಾವಿರಾರು ಪತ್ರಗಳಿದ್ದರೆ ಈ ಕೆಲಸ ಗಂಟೆಗಟ್ಟಲೆ ನಡೆಯುತ್ತದೆ. ರಾತ್ರಿ ಯಂತ್ರವನ್ನು ಆರಿಸದೆ, ನಿದ್ರೆಗೂ ಹೋಗಲು ಬಿಡದೆ, ಮೇಲ್ ತೆರೆದಿಟ್ಟು ಮಲಗಿದರೆ ಬೆಳಗಾಗುವಷ್ಟರಲ್ಲಿ ಬಹುಪಾಲು ಮುಗಿದಿರುತ್ತದೆ. ಜಿಮೇಲ್ ಖಾತೆಯನ್ನು ಐಮ್ಯಾಪ್ ವಿಧಾನದಲ್ಲಿ (ಮೂಲ ಪತ್ರ ಸರ್ವರಿನಲ್ಲೇ ಉಳಿದು ಪ್ರತಿ ಮಾತ್ರ ನಮ್ಮ ಯಂತ್ರಕ್ಕೆ ಇಳಿಯುವ ವಿಧಾನ) ಜೋಡಿಸಿಕೊಂಡವರಿಗೆ ಇನ್ನೊಂದು ಕಾಯುವಿಕೆ ಇದೆ. ಈ ವಿಧಾನದಲ್ಲಿ ದಿನಕ್ಕೆ ಇಳಿಸಿಕೊಳ್ಳಬಹುದಾದ ಪ್ರಮಾಣಕ್ಕೆ ಗೂಗಲ್ 2,500 ಎಂಬಿಯ ಮಿತಿ ಹಾಕಿದೆ. ಉಚಿತವಾಗಿ ಸಿಗುವ 15 ಜಿಬಿಯಲ್ಲಿ 12 ಜಿಬಿ ಪತ್ರಗಳಿಂದಲೇ ತುಂಬಿದ್ದರೆ ಎಲ್ಲವೂ ಇಳಿಯಲು ಐದು ದಿನವಾದರೂ ಬೇಕು. ಅಷ್ಟರೊಳಗೆ ಖಾತೆಯನ್ನು ಅಳಿಸಿ ಮತ್ತೆ ಜೋಡಿಸಿದರೆ ಎಣಿಕೆ ಒಂದರಿಂದ ಶುರು. ಜಿಮೇಲಿನ ಲೇಬಲ್‌ಗಳು ಇಲ್ಲಿ ಫೋಲ್ಡರ್‌ಗಳಾಗಿ ಕಾಣುವುದರಿಂದ ಇನ್‌ಬಾಕ್ಸಿನಲ್ಲಿರುವ ಪತ್ರವೇ ‘ಆಲ್ ಮೇಲ್’ ಎಂಬಲ್ಲಿ ಮತ್ತೊಮ್ಮೆ ಇಳಿಯುತ್ತದೆ. ಜಿಮೇಲಿನ ಸೆಟ್ಟಿಂಗ್ಸಿನಲ್ಲಿ ಲೇಬಲ್ ಪುಟಕ್ಕೆ ಹೋಗಿ ‘ಆಲ್ ಮೇಲ್’ ಎದುರಿನ ‘ಶೋ ಇನ್ ಐಮ್ಯಾಪ್’ ಗುರುತನ್ನು ತೆಗೆದರೆ ಹೊರೆ ಎಷ್ಟೋ ಇಳಿಯುತ್ತದೆ.

ಪತ್ರ ಬರೆದ ಶಿಕ್ಷಕರು ಯಾವ ತಂತ್ರಾಂಶ ಬಳಸುತ್ತಾರೆಂದು ತಿಳಿಸಿಲ್ಲ. ಅದು ಔಟ್‌ಲುಕ್‌ನ ಹಳೆಯ (ಕ್ಲಾಸಿಕ್) ರೂಪವಾಗಿದ್ದರೆ ಹೆಸರುಗಳು ಬೇರೆಯಾದರೂ ಕಥೆ ಹೆಚ್ಚುಕಡಿಮೆ ಇದೇ. ಅಲ್ಲಿ ಪತ್ರಗಳೆಲ್ಲ ಪಿಎಸ್‌ಟಿ ಅಥವಾ ಓಎಸ್‌ಟಿ ಎಂಬ ಒಂದೇ ಕಡತದಲ್ಲಿ ಕೂರುತ್ತವೆ. 2002ರವರೆಗಿನ ಆವೃತ್ತಿಗಳಲ್ಲಿ ಆ ಕಡತ 2 ಜಿಬಿ ಮುಟ್ಟಿದರೆ ಕೆಟ್ಟೇ ಹೋಗುತ್ತಿತ್ತು. 2003ರಲ್ಲಿ ಮಿತಿ 20 ಜಿಬಿಗೂ 2010ರಲ್ಲಿ 50 ಜಿಬಿಗೂ ಏರಿತು. ಮಿತಿ ಏರಿತೆಂದರೆ ಅಲ್ಲಿಯವರೆಗೂ ಚುರುಕಾಗಿ ಓಡುತ್ತದೆ ಎಂದರ್ಥವಲ್ಲ, 10 ಜಿಬಿ ದಾಟಿದ ಮೇಲೆ ಡಿಸ್ಕಿನ ವೇಗವೇ ಎಲ್ಲವನ್ನೂ ನಿರ್ಧರಿಸುತ್ತದೆ. ಔಟ್‌ಲುಕ್ ತೆರೆಯುವಾಗ ಕಂಟ್ರೋಲ್ ಕೀಲಿಯನ್ನು ಒತ್ತಿ ಹಿಡಿದರೆ ಸೇಫ್ ಮೋಡಿನಲ್ಲಿ (ಆಡ್-ಇನ್ ಎಂಬ ಹೆಚ್ಚುವರಿ ಜೋಡಣೆಗಳಿಲ್ಲದೆ) ತೆರೆಯಲೇ ಎಂದು ಕೇಳುತ್ತದೆ. ಹಾಗೆ ತೆರೆದಾಗ ಚುರುಕಾಗಿದ್ದರೆ, ಪಿಡಿಎಫ್ ತಯಾರಿಕೆಯದೋ ಆಂಟಿವೈರಸಿನದೋ ಒಂದು ಆಡ್-ಇನ್ ಅಡ್ಡ ಕೂತಿದೆ ಎಂದು ತಿಳಿಯಬಹುದು. ಥಂಡರ್‌ಬರ್ಡಿನಲ್ಲಿ ಇದಕ್ಕೆ ಸಮನಾದದ್ದು ಹೆಲ್ಪ್ ಮೆನುವಿನ ಟ್ರಬಲ್‌ಶೂಟ್ ಮೋಡ್. ಇನ್ನು ಪಿಎಸ್‌ಟಿ ಕಡತ ತಾನಾಗಿ ಹೋಗಿ ಕೂರುವ ಜಾಗ ‘ಡಾಕ್ಯುಮೆಂಟ್ಸ್’ ಫೋಲ್ಡರ್. ಹೊಸ ಯಂತ್ರವನ್ನು ಸಿದ್ಧಪಡಿಸುವಾಗ ಆ ಫೋಲ್ಡರಿನ ಪ್ರತಿಯನ್ನು ಕ್ಲೌಡಿನಲ್ಲಿ ಇಡಲು ನಾವು ನೋಡದೆಯೇ ಒಪ್ಪಿಬಿಟ್ಟಿರುತ್ತೇವೆ. ಕ್ಷಣಕ್ಷಣಕ್ಕೂ ಬದಲಾಗುವ ಇಷ್ಟು ದೊಡ್ಡ ಕಡತವನ್ನು ಮೇಲಕ್ಕೆ ಕಳುಹಿಸುವ ಪ್ರಯತ್ನ ಎಡೆಬಿಡದೆ ನಡೆಯುತ್ತಿದ್ದರೆ ಯಾವ ಯಂತ್ರವೂ ಏದುಸಿರು ಬಿಡುತ್ತದೆ. ಔಟ್‌ಲುಕ್ ಮುಚ್ಚಿ, ಕಡತವನ್ನು ಕ್ಲೌಡಿನ ಕಣ್ಣಿಗೆ ಬೀಳದ ಇನ್ನೊಂದು ಫೋಲ್ಡರಿಗೆ ಸರಿಸಿ, ಅಲ್ಲಿಂದ ತೆರೆದುಕೊಳ್ಳುವುದು ಇದಕ್ಕೆ ಪರಿಹಾರ. ಹಾಗೆ ಸರಿಸಿದ ಮೇಲೆ ಅದರ ಪ್ರತಿ ತೆಗೆದಿಡುವ ಹೊಣೆ ನಮ್ಮದೇ.

ನಮ್ಮ ಕಡೆಯ ಒಂದು ತಪ್ಪು ನಂಬಿಕೆಯನ್ನೂ ಇಲ್ಲಿಯೇ ತಿದ್ದಬೇಕು. ಕನ್ನಡದಲ್ಲಿ ಬರೆದರೆ ಮೇಲ್ ಭಾರವಾಗುತ್ತದೆ, ಆದ್ದರಿಂದ ಇಂಗ್ಲಿಷಿನಲ್ಲೇ ಬರೆಯಿರಿ ಎಂದು ಅದೇ ಅಂಗಡಿಯವರು ನನಗೆ ಹೇಳಿದ್ದರು. ಯೂನಿಕೋಡಿನ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕಾದರೆ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು ಎಂಬುದು ನಿಜ. ಸಾವಿರ ಸಂಕೇತಗಳ ಕನ್ನಡ ಪತ್ರ 3 ಕೆಬಿ. ಸಾಗಾಟಕ್ಕಾಗಿ ಬೇಸ್-64 ರೂಪಕ್ಕೆ ತಿರುಗಿದಾಗ, ಆ ರೂಪದಲ್ಲಿ ಮೂರು ಬೈಟ್ ನಾಲ್ಕಾಗುವುದರಿಂದ, 4 ಕೆಬಿ. ಇದೇ ಲೆಕ್ಕದಲ್ಲಿ 3 ಎಂಬಿಯ ಒಂದೇ ಒಂದು ಸ್ಕ್ಯಾನ್ ಪ್ರತಿ 4 ಎಂಬಿ ಆಗುತ್ತದೆ, ಅಂದರೆ ಸಾವಿರ ಕನ್ನಡ ಪತ್ರಗಳ ತೂಕ. ಭಾಷೆಯನ್ನು ಬಿಟ್ಟುಕೊಡುವ ಬದಲು, ಕಪ್ಪು ಬಿಳುಪಿನ ಬಿಲ್ಲನ್ನು 600 ಡಿಪಿಐಯಲ್ಲಿ (ಅಂಗುಲಕ್ಕೆ 600 ಚುಕ್ಕೆಗಳಂತೆ) ಬಣ್ಣದ ಚಿತ್ರವಾಗಿ ಸ್ಕ್ಯಾನ್ ಮಾಡಿ ಕಳುಹಿಸುವ ಚಾಳಿಯನ್ನು ಬಿಡಬಹುದು. 200 ಡಿಪಿಐಯಲ್ಲಿ ಕಪ್ಪು ಬಿಳುಪಾಗಿ ತೆಗೆದರೂ ಅಂಕಿಗಳು ಚೆನ್ನಾಗಿಯೇ ಓದಿಸಿಕೊಳ್ಳುತ್ತವೆ. ನನ್ನ ವ್ಯಾಪಾರಿಗಳಿಗೆಲ್ಲ ಹೀಗೆಂದು ಪತ್ರ ಬರೆದಿದ್ದೇನೆ, ಕನ್ನಡದಲ್ಲಿಯೇ.

ಮಲೆನಾಡಿನವರಿಗೆ ಮಾತ್ರ ಅನ್ವಯಿಸುವ ಇನ್ನೊಂದು ವಿಷಯವಿದೆ. ಮಳೆಗಾಲದಲ್ಲಿ ನಮ್ಮಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುವುದು ದೊಡ್ಡ ಮಾತಲ್ಲ. ಮೇಲ್ ತೆರೆದಿರುವಾಗಲೇ ಯಂತ್ರ ಆರಿಹೋದರೆ ಕಡತ ಸರಿಯಾಗಿ ಮುಚ್ಚಿರುವುದಿಲ್ಲ. ಮುಂದಿನ ಸಲ ತೆರೆಯುವಾಗ ಔಟ್‌ಲುಕ್ ಇಡೀ ಕಡತವನ್ನು ಪರಿಶೀಲಿಸಲು ಕೂರುತ್ತದೆ, ಥಂಡರ್‌ಬರ್ಡಿನ ಪರಿವಿಡಿ ಕೆಡಬಹುದು. ಹಳೆಯ ಯುಪಿಎಸ್ಸಿನ ಬ್ಯಾಟರಿ ಸತ್ತು ವರ್ಷವಾಗಿದ್ದರೂ ಅದನ್ನೇ ಹೊಸ ಯಂತ್ರಕ್ಕೆ ಜೋಡಿಸಿಕೊಂಡು, ಹೊಸ ಕಂಪ್ಯೂಟರ್ ಬೆಳಿಗ್ಗೆ ಬೆಳಿಗ್ಗೆ ನಿಧಾನ ಎಂದು ದೂರುವವರನ್ನು ನಾನು ಕಂಡಿದ್ದೇನೆ. ರ‍್ಯಾಮಿಗೆ ಹಾಕುವ ಹಣವನ್ನು ಇಂಥವರು ಬ್ಯಾಟರಿಗೆ ಹಾಕುವುದು ಒಳ್ಳೆಯದು.

ಮಾರಾಟಗಾರರಲ್ಲಿ ನನ್ನ ಕೋರಿಕೆ ಇಷ್ಟೇ. ಬಿಲ್ಲಿನಲ್ಲಿ ‘1 ಟಿಬಿ + 256’ ಎಂದು ಬರೆದು ಬಿಡದೆ ಯಾವುದು ಎಸ್‌ಎಸ್‌ಡಿ, ಯಾವುದು ಹಾರ್ಡ್ ಡಿಸ್ಕ್ ಎಂಬುದನ್ನು ಬಿಡಿಸಿ ಬರೆಯಬೇಕು. ಗ್ರಾಹಕರ ಮೇಲ್ ಸಾಗಿಸಿಕೊಟ್ಟರೆ ಅದನ್ನು ಯಾವ ಡ್ರೈವಿನ ಯಾವ ಫೋಲ್ಡರಿನಲ್ಲಿ ಇಟ್ಟಿದ್ದೇವೆ ಎಂದು ಅದೇ ಬಿಲ್ಲಿನ ಹಿಂದೆ ಒಂದು ಸಾಲು ಬರೆದುಕೊಡಬೇಕು. ನಾನು ಡಿ ಡ್ರೈವಿನ ಸಂಗತಿ ತಿಳಿಸಿದಾಗ ಆ ಹುಡುಗ ತುಂಬಾ ಪೇಚಾಡಿಕೊಂಡು, ಹಾಗೇಕೆ ಎಂದು ಕೂತು ಕೇಳಿಸಿಕೊಂಡ. ಅವನಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ನಿಮ್ಮ ಪತ್ರಿಕೆಯ ತಂತ್ರಜ್ಞಾನ ಪುಟದಲ್ಲಿ ಪ್ರತಿ ವಾರ ಹೊಸ ಮೊಬೈಲುಗಳ ಗುಣಗಾನಕ್ಕೆ ಸಿಗುವ ಜಾಗದಲ್ಲಿ ತಿಂಗಳಿಗೊಮ್ಮೆ ಕಾಲು ಪುಟವನ್ನು ಇಂಥ ದುರಸ್ತಿಯ ಮಾತಿಗೆ ಕೊಟ್ಟರೆ ಅಂಥ ಹುಡುಗರಿಗೂ ಉಪಕಾರವಾಗುತ್ತದೆ.

ಶಿಕ್ಷಕರಲ್ಲಿ ಒಂದು ವಿನಂತಿ. ಹಳೆಯ ಕಂಪ್ಯೂಟರನ್ನು ಎಕ್ಸ್‌ಚೇಂಜಿಗೆ ಕೊಟ್ಟಿರದಿದ್ದರೆ ಇನ್ನೊಂದು ತಿಂಗಳು ಕೊಡಬೇಡಿ. ಪಾಪ್ ವಿಧಾನದಲ್ಲಿ (ಪತ್ರವನ್ನು ಸರ್ವರಿನಿಂದ ನಮ್ಮ ಯಂತ್ರಕ್ಕೇ ತಂದಿಟ್ಟುಕೊಳ್ಳುವ ಹಳೆಯ ವಿಧಾನ) ಇಳಿಸಿಕೊಂಡ ಪತ್ರಗಳಾದರೆ ಸರ್ವರಿನಲ್ಲಿ ಅವುಗಳ ಪ್ರತಿ ಇಲ್ಲದಿರಬಹುದು, ಹಳೆಯ ಡಿಸ್ಕಿನಲ್ಲಿರುವುದೇ ಮೂಲ. ನನ್ನ ಹಳೆಯ ಯಂತ್ರ ಇನ್ನೂ ಮೇಜಿನ ಕೆಳಗಿದೆ; 2017ರ ಒಂದು ಫೋಲ್ಡರ್ ಹೊಸದಕ್ಕೆ ಬಂದೇ ಇಲ್ಲವೆಂದು ಮೊನ್ನೆಯಷ್ಟೇ ತಿಳಿದು, ಅಲ್ಲಿಂದ ತಂದುಕೊಂಡೆ.

ಇಂತಿ ತಮ್ಮ ವಿಶ್ವಾಸಿ,
ತೆರಿಗೆ ಲೆಕ್ಕಪತ್ರದ ಕೆಲಸದ ಒಬ್ಬ ಓದುಗ
ಶಿರಸಿ, ಉತ್ತರ ಕನ್ನಡ ಜಿಲ್ಲೆ